ಥಾಣೆಯಲ್ಲಿ ಇಳಿಯುವವಳು

ಮುಂಬಯಿ ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ, ಎಲ್ಲಿ ಇಳೀತೀರಿ. ಮರಾಠಿಯಲ್ಲಿ ಕೇಳುತ್ತಾರೆ, ಹಿಂದಿಯಲ್ಲಿ ಕೇಳುತ್ತಾರೆ, ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದರೆ ಬರೀ ಹುಬ್ಬು ಎತ್ತಿ ಕೇಳುತ್ತಾರೆ. ಕೂತವಳು ಘಾಟ್ಕೋಪರ್ ಅಂದರೆ, ಘಾಟ್ಕೋಪರ್‌ನಿಂದ ಮುಂದೆ ಆ ಸೀಟು ಕೇಳಿದವಳದು. ಕಾಗದ ಇಲ್ಲ, ಸಹಿ ಇಲ್ಲ, ಬಾಯಿಮಾತೇ ಎಲ್ಲ. ಆಮೇಲೆ ಬೇರೆ ಯಾರು ಕೇಳಿದರೂ 'ಬುಕ್ ಆಗಿದೆ' ಅನ್ನಬೇಕು. ಮಾತು ಕೊಟ್ಟು ಇಳಿಯದೆ ಕೂತವಳ ಏಳು ತಲೆಮಾರನ್ನು ಕುರ್ಲಾ ಬರುವುದರೊಳಗೆ ಜಾಲಾಡಿಬಿಡುತ್ತಾರೆ. ನಾನೇ ಒಂದೆರಡು ಸಲ ಆ ಪುಣ್ಯದ ಕೆಲಸದಲ್ಲಿ ಕೈಜೋಡಿಸಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಮೂರು ವರ್ಷದ ಹಿಂದೆ, ಏಳು ತಿಂಗಳ ಕಾಲ, ಈ ಪ್ರಶ್ನೆಗೆ ನಾನು ದಿನಾ ಬೆಳಿಗ್ಗೆ 'ಥಾಣೆ' ಅಂತ ಉತ್ತರ ಕೊಡುತ್ತಿದ್ದೆ. ಅದು ಹಸಿ ಸುಳ್ಳು. ಥಾಣೆಯಲ್ಲಿ ನನಗೆ ಕವಡೆ ಕೆಲಸವಿರಲಿಲ್ಲ.

ನಾನು ವೈಶಾಲಿ. ಹುಟ್ಟಿ ಬೆಳೆದದ್ದು ಡೊಂಬಿವಲಿ ಪೂರ್ವದಲ್ಲಿ. ಅಪ್ಪ ಅಪ್ಪಾಸಾಹೇಬ ಅಥಣಿ ಕಡೆಯವನು, ಬಲಾರ್ಡ್ ಪಿಯರ್‌ನ ಒಂದು ಹಳೆಯ ಶಿಪ್ಪಿಂಗ್ ಆಫೀಸಿನಲ್ಲಿ ಡಿಸ್ಪ್ಯಾಚ್ ಕ್ಲಾರ್ಕ್. ಕಳೆದ ತಿಂಗಳ ಕೊನೆಯ ದಿನ ರಿಟೈರ್ ಆದ. ಮೂವತ್ತೊಂದು ವರ್ಷದ ನೌಕರಿಯಲ್ಲಿ ತನ್ನ ತಪ್ಪಿನಿಂದ ಬಿದ್ದದ್ದು ಒಂದೇ ಒಂದು ಲೇಟ್ ಮಾರ್ಕ್ ಅಂತ ಹೆಮ್ಮೆಪಡುತ್ತಿದ್ದ. ಅದು ಯಾವತ್ತು, ಯಾಕೆ ಅಂತ ಕೇಳಿದರೆ ಮಾತು ಹಾರಿಸುತ್ತಿದ್ದ. ಆ ಉತ್ತರ ನನಗೆ ಅವನ ಕೊನೆಯ ದಿನ ಸಿಕ್ಕಿತು.

ಮೊದಲು ಪೇಡೆಯ ಕಥೆ ಹೇಳಬೇಕು. ಎಮ್ಮೆಸ್ಸಿ ಕೆಮಿಸ್ಟ್ರಿ ಮುಗಿಸಿ ಎರಡು ತಿಂಗಳಿಗೆ ನವಿ ಮುಂಬಯಿಯ ಮಹಾಪೆಯಲ್ಲಿನ ಒಂದು ಲ್ಯಾಬಿನಿಂದ ನನಗೆ ಆಫರ್ ಲೆಟರ್ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಜಾಯಿನಿಂಗ್ ದಿನಾಂಕ ಮುಂದೆ ತಿಳಿಸಲಾಗುವುದು' ಅಂತ ಇತ್ತು. ಸಣ್ಣ ಅಕ್ಷರ ಓದುವ ತಾಳ್ಮೆ ನಮ್ಮ ಮನೆಯಲ್ಲಿ ಯಾರಿಗಿದೆ? ಅಪ್ಪ ಅದೇ ಸಂಜೆ ಸ್ಟೇಷನ್ ಹತ್ತಿರದ ಮಿಠಾಯಿ ಅಂಗಡಿಯಿಂದ ಪೇಡೆ ತಂದು, ಇಸ್ತ್ರಿ ಅಂಗಿ ಹಾಕಿಕೊಂಡು, ನಮ್ಮ ಸೊಸೈಟಿಯ ನಲವತ್ತೆಂಟು ಮನೆಗೂ ತಾನೇ ಹೋಗಿ ಹಂಚಿದ. ಅವ್ವ ಬೇಡ ಬೇಡ ಅಂದಳು, ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಸಬ್ಯಾಡ ಅಂದಳು. ಅಪ್ಪ ಕೇಳಲಿಲ್ಲ. ಅವನ ಕಡೆಯ ಮೂರು ತಲೆಮಾರಿನಲ್ಲಿ ಎಮ್ಮೆಸ್ಸಿ ಮಾಡಿದವಳು ನಾನೊಬ್ಬಳೇ.

ಜುಲೈ ಅಂದವರು ಆಗಸ್ಟ್ ಅಂದರು. ಆಗಸ್ಟ್ ಹೋಗಿ ಗಣಪತಿ ಆದಮೇಲೆ ಅಂದರು. ಗಣಪತಿ ನೀರಿಗೆ ಹೋದ. ಎದುರು ಮನೆಯ ಊರ್ಮಿಳಾ ಕಾಕು ನಾನು ಹಾಲು ತರಲು ಬಾಗಿಲು ತೆಗೆದಾಗಲೆಲ್ಲ ಇವತ್ತು ರಜೆಯಾ ಅಂತ ಕೇಳಲು ಶುರುಮಾಡಿದರು. ಪಾಪ, ಅವರದೇನೂ ಕೆಟ್ಟ ಮನಸ್ಸಲ್ಲ, ಆದರೆ ದಿನಾ ರಜೆ ಯಾವ ಕಂಪನಿ ಕೊಡುತ್ತದೆ? ಮೂರನೇ ಸಲ ಕೇಳಿದ ದಿನ ಅಪ್ಪ ಊಟದ ತಾಟು ಸರಿಸಿ ನನಗೆ ಹೇಳಿದ:

"ನಾಳಿಂದ ನನ್ನ ಜೋಡಿ ಊಟದ ಡಬ್ಬಿ ಕಟಗೊಂಡು ಹೊರಡು. ಹಗಲಿಡೀ ಮನ್ಯಾಗ ಕುಂತ್ರ ಮಂದಿ ಏನಂತಾರ?"

ಎಲ್ಲಿಗೆ ಹೋಗಲಿ ಅಂತ ನಾನು ಸಿಡುಕಿದೆ. ಎಲ್ಲಿಗಾದರೂ ಹೋಗು, ಸಂಜೆ ಆರಕ್ಕೆ ಬಾ ಅಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಆದರೆ ಇಪ್ಪತ್ತಮೂರರ ವಯಸ್ಸಿನಲ್ಲಿ ಅಪ್ಪನ ಹೆದರಿಕೆ ಯಾರಿಗೆ ಕಾಣುತ್ತದೆ. ನನಗೆ ಕಂಡದ್ದು ಪೇಡೆ ಹಂಚಿದವನ ಜಂಬ ಮಾತ್ರ.

ಹೀಗೆ ಶುರುವಾಯಿತು. ನಮ್ಮ ಕಡೆ ಒಂದು ಪದ್ಧತಿ ಇದೆ. ಡೊಂಬಿವಲಿಯಲ್ಲಿ ಬೆಳಿಗ್ಗೆ ಮುಂಬಯಿಯ ಕೊನೆಯ ಸ್ಟೇಷನ್ ವಿ.ಟಿ. ಕಡೆಯ ಫಾಸ್ಟ್ ಗಾಡಿಗೆ ಹತ್ತಿದರೆ ಸೀಟು ಬಿಡಿ, ಎರಡನೇ ಕಾಲು ಊರಲು ಜಾಗ ಸಿಗುವುದಿಲ್ಲ. ಅದಕ್ಕೆ ಅನುಭವಸ್ಥರು ಉಲ್ಟಾ ಹೋಗುತ್ತಾರೆ. ಕಲ್ಯಾಣಕ್ಕೆ ಹೋಗುವ ಖಾಲಿ ಗಾಡಿ ಹತ್ತಿ, ಕಿಟಕಿ ಪಕ್ಕ ಕೂತು, ಕಲ್ಯಾಣದಲ್ಲಿ ಇಳಿಯದೆ ಅದೇ ಗಾಡಿಯಲ್ಲಿ ವಾಪಸು ಬರುತ್ತಾರೆ. ಕಲ್ಯಾಣದವರು ಹತ್ತಿ ನೋಡಿದರೆ ಸೀಟುಗಳ ತುಂಬ ಡೊಂಬಿವಲಿಯವರು. ಜಗಳ ದಿನಾ ಆಗುತ್ತದೆ, ದಿನಾ ಮುಗಿಯುತ್ತದೆ. ಅಪ್ಪ ಮೂವತ್ತು ವರ್ಷದಿಂದ ಹೀಗೆ ಹಿಂದಕ್ಕೆ ಹೋಗಿಯೇ ಮುಂದಕ್ಕೆ ಹೋಗುವವನು. ಮನೆ ಡೊಂಬಿವಲಿಯಲ್ಲಿದ್ದರೂ ಅವನ ಪಾಸು ಕಲ್ಯಾಣದಿಂದ. ನನಗೂ ಕಲ್ಯಾಣದಿಂದ ಥಾಣೆವರೆಗೆ ಒಂದು ಪಾಸು ತೆಗೆಸಿಕೊಟ್ಟ. ಅವನು ದಾರಿಯುದ್ದಕ್ಕೂ ತಾಳ ಹಾಕಿ ಹಾಡುವ ತನ್ನ ಭಜನೆ ಗುಂಪಿನ ಜನರಲ್ ಡಬ್ಬಿಗೆ, ನಾನು ಲೇಡೀಸ್ ಡಬ್ಬಿಗೆ. ಕೆಲಸವಿಲ್ಲದವಳಿಗೆ ಕಿಟಕಿಯ ಸೀಟು, ಕೆಲಸಕ್ಕೆ ಹೊರಟವರೆಲ್ಲ ನನ್ನ ಮುಂದೆ ನೇತಾಡುತ್ತಾ ನಿಂತಿರುತ್ತಿದ್ದರು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಮೊದಲ ದಿನವೇ ಡೊಂಬಿವಲಿಯಲ್ಲಿ ಒಬ್ಬ ದಪ್ಪನೆಯ ಹೆಂಗಸು ಹತ್ತಿದರು. ಅರವತ್ತರ ಹತ್ತಿರದ ವಯಸ್ಸು, ಎರಡೂ ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ಸ್ಟೀಲಿನ ಕ್ಯಾರಿಯರ್. ನನ್ನ ಮುಂದೆ ನಿಂತು ಹಿಂದಿಯಲ್ಲಿ ಎಲ್ಲಿ ಇಳೀತಿ ಅಂತ ಕೇಳಿದರು. ಗಾಬರಿಯಲ್ಲಿ ನನ್ನ ಪಾಸಿನ ಮೇಲೆ ಇದ್ದ ಹೆಸರನ್ನೇ ಹೇಳಿದೆ. "ಹಾಂ, ಥಾಣಾ ಬುಕ್" ಅಂದವರೇ ನನ್ನ ತಲೆಯ ಮೇಲಿನ ಹಿಡಿಕೆ ಹಿಡಿದು ನಿಂತರು. ಅವರು ಅಕ್ಕು. ಕಾಪು ಕಡೆಯವರು, ಬೈಕಲಾದ ಒಂದು ಕ್ಯಾಂಟೀನಿನಲ್ಲಿ ಇಡ್ಲಿ ಹಿಟ್ಟಿನ ಉಸ್ತುವಾರಿ. ಮನೆಯ ಅಡುಗೆ ಮುಗಿಸಿ ಬರುವವರು, ಉಲ್ಟಾ ಹೋಗಿ ಸೀಟು ಹಿಡಿಯಲು ಅವರಿಗೆ ಪುರುಸೊತ್ತಿಲ್ಲ.

ನನ್ನ ಮನಸ್ಸಿನಲ್ಲಿ ಇದ್ದದ್ದು ವಿ.ಟಿ.ವರೆಗೆ ಹೋಗಿ ಬಂದು ಹೊತ್ತು ಕಳೆಯುವುದು. ಆದರೆ ಥಾಣೆ ಬಂತು, ಅಕ್ಕು ನನ್ನನ್ನು ನೋಡಿದರು, ನಾನು ಎದ್ದೆ. ಎದ್ದಮೇಲೆ ಇಳಿಯದೆ ಹೇಗಿರಲಿ, ಇಳಿದೆ. ಮರುದಿನ ಅವರು ಕೇಳಲೂ ಇಲ್ಲ, ಸೀದಾ ನನ್ನ ಮುಂದೆ ಬಂದು ನಿಂತರು. ಹೀಗೆ ಒಬ್ಬ ಮುದುಕಿಯ ಮೊಣಕಾಲಿಗಾಗಿ ನಾನು ದಿನಾ ಬೆಳಿಗ್ಗೆ ಯಾರೂ ಇಲ್ಲದ ಊರಲ್ಲಿ ಇಳಿಯುವವಳಾದೆ.

ಥಾಣೆ ಸ್ಟೇಷನ್ನಿನಲ್ಲಿ ಪಾದಚಾರಿ ಸೇತುವೆಯ ಮೆಟ್ಟಿಲ ಪಕ್ಕ, ಚಹಾದ ಸ್ಟಾಲಿನ ಎದುರು ಒಂದು ಬೆಂಚು ಇದೆ. ಮೊದಲ ವಾರ ಅಲ್ಲಿ ಕೂತು ಫೋನ್ ನೋಡಿದೆ. ಕ್ಲಾಸಿನವರೆಲ್ಲ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಫೋಟೋ ಹಾಕುತ್ತಿದ್ದರು. ಒಬ್ಬಳು ಘೋಡಬಂದರ್ ರಸ್ತೆಯ ಹನ್ನೆರಡನೇ ಮಹಡಿಯ ಆಫೀಸಿನಿಂದ ಖಾಡಿಯ ಹಿನ್ನೀರಿನ ಫೋಟೋ ಹಾಕಿ 'ಹೊಸ ಆರಂಭ' ಅಂತ ಬರೆದಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ, ಅವಳ ಕಿಟಕಿಗೆ ಕಾಗೆ ಬಂದು ಬಡಿಯಲಿ ಅನ್ನಿಸಿತು. ಫೋನು ಚೀಲಕ್ಕೆ ತುರುಕಿ, ಚೀಲದಲ್ಲಿದ್ದ ಬಯೋಡೇಟಾದ ಐವತ್ತು ಪ್ರತಿಗಳಲ್ಲಿ ಒಂದನ್ನು ಹೊರಗೆ ತೆಗೆದು, ತಿರುವಿ ಹಾಕಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಅಕ್ಕುವಿನ ಕೈ ಬಿಡಿಸಿದೆ. ಹಿಡಿಕೆ ಹಿಡಿದ ಕೈ, ಹಿಟ್ಟಿನಿಂದ ಬೆಳ್ಳಗಾದ ಉಗುರಿನ ಸಂದು, ಒಂದೇ ಒಂದು ಬಂಗಾರದ ಬಳೆ. ಚಿಕ್ಕಂದಿನಿಂದ ಗೀಚುವ ಚಟ ಇತ್ತು, ಕೆಮಿಸ್ಟ್ರಿ ಜರ್ನಲ್ಲಿನಲ್ಲಿ ನನ್ನ ಬ್ಯುರೆಟ್ಟಿಗೆ ಪೂರ್ತಿ ಅಂಕ ಬರುತ್ತಿತ್ತು. ಕೆಳಗೆ 'ಇವರು ಬೈಕಲಾದಲ್ಲಿ ಇಳಿಯುತ್ತಾರೆ' ಅಂತ ಕನ್ನಡದಲ್ಲಿ ಬರೆದು, ಇನ್‌ಸ್ಟಾಗ್ರಾಮಿನಲ್ಲಿ 'ಎಲ್ಲಿ ಇಳೀತೀರಿ' ಅಂತ ಒಂದು ಪುಟ ತೆರೆದು ಹಾಕಿದೆ.

ಕನ್ನಡದಲ್ಲಿ ಯಾಕೆ ಅಂದರೆ, ಬಚ್ಚಿಟ್ಟುಕೊಳ್ಳಲಿಕ್ಕೆ. ಏಳನೆಯವರೆಗೆ ನಾನು ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಓದಿದವಳು. ಸೊಸೈಟಿ ಮರಾಠಿ, ಕಾಲೇಜು ಇಂಗ್ಲಿಷು, ಗೆಳತಿಯರು ಹಿಂದಿ. ಅಪ್ಪ ಅವ್ವನನ್ನು ಬಿಟ್ಟರೆ ನನ್ನನ್ನು ಬಲ್ಲ ಯಾರಿಗೂ ಈ ಅಕ್ಷರ ಓದಲು ಬರುವುದಿಲ್ಲ ಅನ್ನುವ ಧೈರ್ಯ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ದಿನಕ್ಕೊಂದು ಚಿತ್ರ. ಮುಖ ಬಿಡಿಸುತ್ತಿರಲಿಲ್ಲ, ಕೈ, ಕಾಲು, ಚೀಲ ಇಷ್ಟೇ. ಮಡಿಲಲ್ಲಿ ಪೇಪರ್ ಹರಡಿ ಬಟಾಣಿ ಸುಲಿಯುವ ಕೈ, ದಾದರ್. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಗೆ ಅರ್ಧ ಕುಂಡೆ ಊರಿ ಕೂತವಳ ಚಪ್ಪಲಿ, ಕುರ್ಲಾ. ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದರಲ್ಲಿ ಕಾಡಿಗೆ ಹಚ್ಚಿಕೊಳ್ಳುವ ಹುಡುಗಿಯ ಮೊಣಕೈ, ಘಾಟ್ಕೋಪರ್. ಹನ್ನೊಂದು ಗಂಟೆಯೊಳಗೆ ಚಿತ್ರ ಮುಗಿಯಬೇಕು ಅಂತ ನನಗೆ ನಾನೇ ಕಾನೂನು ಮಾಡಿಕೊಂಡೆ. ಮುಗಿದರೆ ಚಹಾ, ಮುಗಿಯದಿದ್ದರೆ ಇಲ್ಲ. ಮಧ್ಯಾಹ್ನ ಹತ್ತಿರದ ವಾಚನಾಲಯದಲ್ಲಿ ಕೂತು ನೌಕರಿಯ ಅರ್ಜಿ ಹಾಕುತ್ತಿದ್ದೆ. ಅರ್ಜಿಗಳಿಗೆ ಉತ್ತರ ಬರುತ್ತಿರಲಿಲ್ಲ, ಚಿತ್ರಗಳಿಗೆ ಬರುತ್ತಿತ್ತು. ಮೊದಲು ಹನ್ನೊಂದು ಜನ, ಆಮೇಲೆ ಮುನ್ನೂರು, ಆಮೇಲೆ ಎಲ್ಲೆಲ್ಲಿಯವರೋ. ಬಟಾಣಿ ಅಕ್ಕ ಈ ವಾರ ಏನು ಸುಲಿದರು ಅಂತ ಧಾರವಾಡದವರೊಬ್ಬರು ಕೇಳುತ್ತಿದ್ದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಹುಡುಗ ಹುಡುಗಿಯರು ತಾವು ಎಲ್ಲಿ ಇಳಿಯಬೇಕು ಅಂದುಕೊಂಡಿದ್ದೆವು ಅಂತ ಕೆಳಗೆ ಬರೆಯುತ್ತಿದ್ದರು. ಓದಿದಾಗ ಎದೆ ಹಗುರಾಗುತ್ತಿತ್ತು. ಇಷ್ಟೊಂದು ಜನ ನನ್ನ ಹಾಗೇ ಕಿಟಕಿ ಪಕ್ಕ ಕೂತಿದ್ದಾರಲ್ಲ ಅಂತ.

ಅಕ್ಕುವಿಗೆ ಒಂದು ದಿನ ನಾನೇ ತೋರಿಸಿದೆ. ಊರಲ್ಲಿ ಐದನೆಯವರೆಗೆ ಕನ್ನಡ ಓದಿದವರು, ಬೆರಳಿಟ್ಟು ಅಕ್ಷರ ಅಕ್ಷರ ಓದಿದರು. ಬಳೆ ಇಷ್ಟು ಸಪೂರ ಮಾಡಿದ್ದು ಯಾಕೆ, ಇದು ಎರಡು ಪವನಿನದು ಅಂತ ತಕರಾರು ತೆಗೆದರು. ಆಮೇಲೆ ಮೊಮ್ಮಗಳ ಕೈಲಿ ಫೋನಿನಲ್ಲಿ ಆ ಪುಟ ಹಾಕಿಸಿಕೊಂಡು ದಿನಾ ನೋಡತೊಡಗಿದರು.

ಅಪ್ಪನಿಗೆ ಮಾತ್ರ ಏನೂ ಹೇಳಿರಲಿಲ್ಲ. ಮನೆಯಲ್ಲಿ ಪೆನ್ಸಿಲ್ ಹಿಡಿದರೆ "ಗೀಚೂದು ಬಿಟ್ಟು ಬ್ಯಾಂಕಿನ ಪರೀಕ್ಷಾ ಓದು" ಅನ್ನುತ್ತಿದ್ದ. ಸೊಸೈಟಿಯಲ್ಲಿ ಯಾರಾದರೂ ನನ್ನ ನೌಕರಿ ಕೇಳಿದರೆ ಚಲೋ ನಡದದ ಅನ್ನುತ್ತಿದ್ದ. ಆ ಸುಳ್ಳು ಅವನ ಬಾಯಿಂದ ಬಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಸುಳ್ಳು ಹೊರಗೆ ಬಿದ್ದರೆ ಅವನ ಮಾನ ಮೂರು ಕಾಸಿಗೆ ಹೋಗುತ್ತದೆ ಅನ್ನುವುದೂ ಗೊತ್ತಿತ್ತು. ಏಳು ತಿಂಗಳು ನಾನು ಕಾಯ್ದದ್ದು ಅದೊಂದನ್ನೇ.

ಏಪ್ರಿಲ್‌ನ ಒಂದು ಬುಧವಾರ ಮಧ್ಯಾಹ್ನ ಮಹಾಪೆಯವರ ಮೇಲ್ ಬಂತು. ಆ ಹುದ್ದೆಯನ್ನೇ ರದ್ದು ಮಾಡಿದ್ದೇವೆ, ನಿಮ್ಮ ಭವಿಷ್ಯಕ್ಕೆ ಶುಭವಾಗಲಿ. ಎರಡು ಸಾಲು. ನಾನು ವಾಚನಾಲಯದಿಂದ ವಾಪಸು ಬೆಂಚಿಗೆ ಬಂದು ಕೂತೆ. ಅಳು ಬರಲಿಲ್ಲ, ಸಿಟ್ಟು ಬಂತು. ಕಂಪನಿಯವರ ಮೇಲೆ ಬರಬೇಕಾದ ಸಿಟ್ಟೆಲ್ಲ ಅಪ್ಪನ ಮೇಲೆ ಬಂತು. ಲೋಕಲ್ ಗಾಡಿಯ ಕಿಟಕಿ ಸೀಟು ಬಿಡಿಸಿ, ಅದರ ಮೇಲೆ ಮನುಷ್ಯರ ಬದಲು ಒಂದು ಪೇಡೆಯ ಡಬ್ಬಿ ಕೂರಿಸಿದೆ. ಕೆಳಗೆ ಬರೆದೆ:

"ನನ್ನನ್ನು ದಿನಾ ಕೇಳುತ್ತಾರೆ, ಎಲ್ಲಿ ಇಳೀತಿ ಅಂತ. ಥಾಣೆ ಅನ್ನುತ್ತೇನೆ. ಥಾಣೆಯಲ್ಲಿ ಒಂದು ಬೆಂಚು ಬಿಟ್ಟರೆ ನನಗೆ ಯಾರೂ ಇಲ್ಲ. ಕೆಲಸ ಸಿಕ್ಕಿತು ಅಂತ ನನ್ನ ಅಪ್ಪ ನಲವತ್ತೆಂಟು ಮನೆಗೆ ಪೇಡೆ ಹಂಚಿದ. ಆ ಪೇಡೆ ಸುಳ್ಳಾಗಬಾರದು ಅಂತ ಏಳು ತಿಂಗಳಿಂದ ಡಬ್ಬಿ ಕಟ್ಟಿಕೊಂಡು ಗಾಡಿ ಹತ್ತುತ್ತಿದ್ದೇನೆ. ಇವತ್ತು ಆ ಕೆಲಸವೇ ಇಲ್ಲ ಅಂದರು. ಅಪ್ಪನಿಗೆ ಹೇಗೆ ಹೇಳಲಿ? ಅವನಿಗೆ ಮಗಳಿಗಿಂತ ಪೇಡೆ ದೊಡ್ಡದು."

ಹಾಕಿ, ಫೋನ್ ಬಂದ್ ಮಾಡಿ ಮನೆಗೆ ಹೋದೆ. ಮನೆಯಲ್ಲಿ ಅವತ್ತು ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಅಪ್ಪನ ಜೊತೆ ಕಲ್ಯಾಣಕ್ಕೆ ಹೋಗಿ ವಾಪಸು ಬಂದೆ, ಅವನು ಅವನ ಡಬ್ಬಿಯಲ್ಲಿ, ನಾನು ನನ್ನದರಲ್ಲಿ. ಫೋನ್ ತೆರೆದರೆ ಆ ಚಿತ್ರವನ್ನು ಸಾವಿರಾರು ಜನ ಹಂಚಿದ್ದರು. ಡೊಂಬಿವಲಿಯಲ್ಲಿ ಹತ್ತಿದ ಅಕ್ಕು ಈ ಸಲ ಹಿಡಿಕೆ ಹಿಡಿಯಲಿಲ್ಲ, ನನ್ನ ಭುಜ ಹಿಡಿದುಕೊಂಡೇ ನಿಂತರು.

"ಕೆಲಸ ಹೋದ್ರೆ ಹೋಗ್ಲಿ ಮಾರಾಯ್ತಿ. ನೀನು ಥಾಣೆಯಲ್ಲಿ ಇಳಿಯದಿದ್ರೆ ನನ್ನ ಕಾಲುಗಂಟಿನ ಗತಿ ಎಂತ? ಅದೂ ಒಂದು ಕೆಲಸವೇ ಅಲ್ವಾ" ಅಂದರು. ನಾನು ನಕ್ಕೆ, ನಕ್ಕಾಗ ಅಳು ಬಂತು. ಆಮೇಲೆ ಅವರು ದನಿ ತಗ್ಗಿಸಿ ಹೇಳಿದರು: "ಎಲ್ಲ ಇರಲಿ. ಆ ಕಡೇ ಸಾಲು ತೆಗಿ. ಅಪ್ಪ ಓದಿದ್ರೆ ತಡ್ಕೊಳ್ಳಲಿಕ್ಕಿಲ್ಲ."

ಅಪ್ಪನ ಫೋನಿನಲ್ಲಿ ಅವೆಲ್ಲ ಇಲ್ಲ, ಅವನು ಯಾವ ಕಾಲಕ್ಕೂ ನೋಡುವುದಿಲ್ಲ ಅಂದೆ. ಆದರೂ ಮನಸ್ಸು ಚುಚ್ಚಿತು. ಥಾಣೆಯಲ್ಲಿ ಇಳಿದು, ಬೆಂಚಿಗೆ ಕೂತ ಕೂಡಲೇ ಆ ಕೊನೆಯ ಸಾಲನ್ನು ಅಳಿಸಿದೆ. ಸದ್ಯ ಬಚಾವಾದೆ ಅಂದುಕೊಂಡೆ. ಪೆನ್ಸಿಲ್ ಕೆತ್ತಿಕೊಂಡು ಆ ದಿನದ ಚಿತ್ರಕ್ಕೆ ಕೈ ಹಚ್ಚಿದೆ.

ಸಂಜೆ ಊಟಕ್ಕೆ ಮುಂಚೆ ಅಪ್ಪನಿಗೆ ಮಹಾಪೆಯವರ ಮೇಲ್ ಬಂದದ್ದನ್ನು ಹೇಳಿದೆ. ಬಯ್ಯುತ್ತಾನೆ ಅಂದುಕೊಂಡಿದ್ದೆ, ಇಲ್ಲವೇ ಅಯ್ಯೋ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಅಂಗಿಯ ಕಿಸೆಯಿಂದ ಒಂದು ಪಾಸು ತೆಗೆದು ಟೇಬಲ್ಲಿನ ಮೇಲಿಟ್ಟ. ಕಲ್ಯಾಣದಿಂದ ಥಾಣೆ, ಮೂರು ತಿಂಗಳದ್ದು.

"ತಗಸೇನಿ. ದಂಡ ಮಾಡಬ್ಯಾಡ" ಅಂದು ಕೈ ತೊಳೆಯಲು ಎದ್ದು ಹೋದ.

ಅಷ್ಟೇ. ನನ್ನ ಕೆಲಸ ಹೋದದ್ದಕ್ಕೆ ಒಂದು ಮಾತಿಲ್ಲ, ಒಂದು ಸಮಾಧಾನವಿಲ್ಲ. ಇನ್ನೂ ಮೂರು ತಿಂಗಳು ನಾಟಕ ಮಾಡು ಅಂತ ಟಿಕೆಟ್ ತಂದುಕೊಟ್ಟಿದ್ದಾನೆ ಅಂತ ನಾನು ಅರ್ಥಮಾಡಿಕೊಂಡೆ. ಅದಾದಮೇಲೆ ಇನ್ನೊಂದು ಹೊಸ ಅಭ್ಯಾಸ ಶುರುಮಾಡಿದ. ದಿನಾ ಸಂಜೆ ಚಪ್ಪಲಿ ಬಿಡುತ್ತಾ "ಇವತ್ತಿನ ಕೆಲಸ ಆತೇನು?" ಅಂತ ಕೇಳುವುದು. ಕೆಲಸವಿಲ್ಲದವಳಿಗೆ ಕೆಲಸ ಆಯಿತೇ ಅಂತ ಕೇಳುವುದು ಗಾಯದ ಮೇಲೆ ಬರೆ ಎಳೆದ ಹಾಗಲ್ಲವೇ? ನಾನು ಒಂದು ದಿನವೂ ನೆಟ್ಟಗೆ ಉತ್ತರ ಕೊಡಲಿಲ್ಲ.

ಸೊಸೈಟಿಗೆ ಮಾತ್ರ ಅವನೇ ಹೇಳಿಬಿಟ್ಟ. ಲಿಫ್ಟಿನಲ್ಲಿ ಊರ್ಮಿಳಾ ಕಾಕು ಸಿಕ್ಕಾಗ, ನನ್ನ ಎದುರಿಗೇ, ಆ ನೌಕರಿ ಆಗಲೇ ಇಲ್ಲ ಅಂದ. ಅವರು, ತಮ್ಮ ಮಗ ಸ್ವಪ್ನಿಲ್ ವರ್ಕ್ ಫ್ರಂ ಹೋಮ್ ಅಂತ ಹೇಳಿಕೊಂಡು ಒಂದು ವರ್ಷದಿಂದ ಕ್ರಿಕೆಟ್ ನೋಡುತ್ತಿದ್ದಾನೆ ಅಂತ ಬಾಯಿ ಬಿಟ್ಟರು. ನಾಲ್ಕನೇ ಮಹಡಿ ಬರುವುದರೊಳಗೆ ಎರಡು ಮನೆಯ ಗುಟ್ಟು ಬಯಲಾಯಿತು. ಆಕಾಶ ಏನೂ ಕಳಚಿ ಬೀಳಲಿಲ್ಲ.

ಮೂರು ತಿಂಗಳ ಪಾಸು ಮುಗಿಯುವ ಹೊತ್ತಿಗೆ ಪುಟದಲ್ಲಿ ಒಬ್ಬರು ಕೇಳಿದರು, ನಿಮಗೆ ಕೈಕಾಲು ಬಿಟ್ಟು ಬೇರೆ ಏನಾದರೂ ಬಿಡಿಸಲು ಬರುತ್ತದೆಯಾ ಅಂತ. ಬೀಕರ್ ಬರುತ್ತದೆ ಅಂದೆ. ಅವರು ವಾಶಿಯಲ್ಲಿ ಶಾಲೆಯ ವಿಜ್ಞಾನ ಪುಸ್ತಕ ತಯಾರಿಸುವವರು. ಈಗ ಅಲ್ಲೇ ನನ್ನ ನೌಕರಿ. ದಿನವಿಡೀ ಟೆಸ್ಟ್ ಟ್ಯೂಬು, ಕಪ್ಪೆಯ ಹೃದಯ, ಹೂವಿನ ಅಡ್ಡಸೀಳು. ವಾಶಿ ಗಾಡಿಗೆ ಥಾಣೆಯಲ್ಲೇ ಬದಲಿಸಬೇಕು. ಎಲ್ಲಿ ಇಳೀತಿ ಅಂದರೆ ಈಗಲೂ ಥಾಣೆ ಅನ್ನುತ್ತೇನೆ, ಈಗ ಅದು ಸತ್ಯ. ಅಕ್ಕು ಹೋದ ವರ್ಷ ಕಾಪುವಿಗೆ ಹೋಗಿ ಮಗನ ಮನೆಯಲ್ಲಿದ್ದಾರೆ. ನನ್ನ ಸೀಟು ಈಗ ಯಾರು ಯಾರಿಗೋ ಹೋಗುತ್ತದೆ. ಆ ಬೆಂಚು ಈಗಲೂ ಅಲ್ಲೇ ಇದೆ. ಆ ಏಳು ತಿಂಗಳು ದಿನಾ ಶಪಿಸಿದ್ದೆ, ಈಗ ಅವು ಬೇಕು ಅನ್ನಿಸುತ್ತವೆ. ಹನ್ನೊಂದು ಗಂಟೆಯ ಆ ಚಹಾದ ರುಚಿ ಮತ್ತೆ ಸಿಗಲಿಲ್ಲ.

ಇನ್ನು ಕಳೆದ ತಿಂಗಳಿಗೆ ಬರುತ್ತೇನೆ. ಗಾಡಿಯ ಗುಂಪಿನವರು ರಿಟೈರ್ ಆಗುವವರನ್ನು ಕೊನೆಯ ದಿನ ಡಬ್ಬಿಯಲ್ಲೇ ಬೀಳ್ಕೊಡುವುದು ನಮ್ಮ ಕಡೆಯ ರೂಢಿ. ಅಪ್ಪನ ಕಿಟಕಿಗೆ ಚೆಂಡು ಹೂವಿನ ಮಾಲೆ ಕಟ್ಟಿದ್ದರು. ಮಗಳೂ ಬರಲಿ ಅಂತ ಅವರೆಲ್ಲ ಹಟ ಹಿಡಿದದ್ದಕ್ಕೆ ಅವತ್ತು ನಾನೂ ಜನರಲ್ ಡಬ್ಬಿ ಹತ್ತಿದೆ. ತಾಳ ಹೊಡೆದು ಭಜನೆ ಹೇಳಿದರು, ಶಾಲು ಹೊದಿಸಿದರು, ಕೈಗೆ ಪೇಡೆಯ ಡಬ್ಬಿ ಕೊಟ್ಟರು. ನನ್ನ ಪಕ್ಕ ಪುಂಡರೀಕಾಕ್ಷ ಕಾಕಾ ಕೂತಿದ್ದರು. ಸೊಲ್ಲಾಪುರದ ತೆಲುಗರು, ಅಪ್ಪನ ಎದುರಿನ ಸೀಟಿನಲ್ಲಿ ಇಪ್ಪತ್ತು ವರ್ಷ ಕೂತವರು. ನನ್ನ ಕಡೆ ಬಾಗಿ ಮರಾಠಿಯಲ್ಲಿ ಕೇಳಿದರು, ನೀನು ಈಗಲೂ ಆ ಚಿತ್ರ ಬಿಡಿಸುತ್ತೀಯಾ, ಆ ಪೇಡೆಯದು?

ನಿಮಗೆ ಅದು ಹೇಗೆ ಗೊತ್ತು ಅಂದೆ. ಅವರು ಹೇಳಿದ್ದು ಇಷ್ಟು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಫೋನಿಗೆ ಆ ಚಿತ್ರ ಎಲ್ಲಿಂದಲೋ ಬಂದಿತ್ತು. ಲೋಕಲ್ ಗಾಡಿಯ ಸೀಟು, ಪೇಡೆಯ ಡಬ್ಬಿ, ಇದೇನೋ ನಮ್ಮದೇ ಕಥೆ ಅನ್ನಿಸಿ ಗುಂಪಿಗೆಲ್ಲ ತೋರಿಸಿದರು. ಅಕ್ಷರ ತೆಲುಗಿನ ಹಾಗೆ ಕಂಡರೂ ಓದಲು ಬರಲಿಲ್ಲ. ಡಬ್ಬಿಯಲ್ಲಿ ಕನ್ನಡ ಬಲ್ಲವನು ಒಬ್ಬನೇ, ಅಪ್ಪ. ಅವನ ಕೈಗೆ ಕೊಟ್ಟು, ಗಟ್ಟಿಯಾಗಿ ಓದು, ಮರಾಠಿಯಲ್ಲಿ ಹೇಳು ಅಂದರು. ಅಪ್ಪ ಕನ್ನಡಕ ಏರಿಸಿ ಓದತೊಡಗಿದ. ನಲವತ್ತೆಂಟು ಮನೆ ಅನ್ನುವಲ್ಲಿ ನಿಂತ. ಎಲ್ಲರೂ ಮುಂದೆ ಮುಂದೆ ಅಂದರು. ಅವನು ಬೇಕಿದ್ದರೆ ಬಿಟ್ಟು ಓದಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಒಂದಕ್ಷರ ಬಿಡದೆ ಕೊನೆಯ ಸಾಲಿನವರೆಗೂ ಓದಿದ. ಗುಂಪಿನಲ್ಲಿ ಯಾರೋ, ಇಂಥ ಅಪ್ಪನಿಗೆ ನಾಚಿಕೆ ಆಗಬೇಕು ಅಂದರು.

"ಆಗಿದೆ ಅಂದ ನಿನ್ನ ಅಪ್ಪ. ಆ ಅಪ್ಪ ನಾನೇ ಅಂದ" ಅಂದರು ಪುಂಡರೀಕಾಕ್ಷ ಕಾಕಾ. "ಆಮೇಲೆ ಕಿಟಕಿ ಸೀಟು ಬಿಟ್ಟು ಎದ್ದು, ಜನರನ್ನು ತಳ್ಳಿಕೊಂಡು ಬಾಗಿಲಿಗೆ ಹೋಗಿ, ಥಾಣೆಯಲ್ಲಿ ಇಳಿದುಬಿಟ್ಟ. ಅಷ್ಟು ವರ್ಷದಲ್ಲಿ ಅವನು ಥಾಣೆಯಲ್ಲಿ ಇಳಿದದ್ದನ್ನು ನಾವು ನೋಡಿರಲಿಲ್ಲ."

ಭಜನೆ ನಡೆದೇ ಇತ್ತು. ನನಗೆ ಏನೂ ಕೇಳಿಸಲಿಲ್ಲ. ಅಳಿಸಿದೆ, ಬಚಾವಾದೆ ಅಂತ ಮೂರು ವರ್ಷ ನಿಶ್ಚಿಂತೆಯಿಂದ ಇದ್ದೆನಲ್ಲ. ಆ ಸಾಲನ್ನು ಅವನು ತನ್ನ ಬಾಯಿಂದಲೇ, ತನ್ನ ಗೆಳೆಯರ ಮುಂದೆ, ಎರಡು ಭಾಷೆಯಲ್ಲಿ ಓದಿದ್ದ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಥಾಣೆ ಹತ್ತಿರ ಬಂತು. ನಾನು ಇಳಿಯಲು ಎದ್ದೆ. ನಿಂತಿದ್ದ ಒಬ್ಬ ಹುಡುಗ ಅಭ್ಯಾಸಬಲದಿಂದ ಅಪ್ಪನನ್ನು ಕೇಳಿದ, ಕಾಕಾ ನೀವು ಎಲ್ಲಿ ಇಳೀತೀರಿ. ವಿ.ಟಿ. ಅನ್ನಬೇಕಾದ ಅಪ್ಪ ಥಾಣಾ ಅಂದ. ಹೂವಿನ ಮಾಲೆಯ ಸೀಟು ಬಿಟ್ಟು, ಶಾಲು ಹೊದ್ದುಕೊಂಡೇ, ಪೇಡೆಯ ಡಬ್ಬಿ ಎದೆಗೆ ಹಿಡಿದುಕೊಂಡು ನನ್ನ ಹಿಂದೆ ಇಳಿದ. ಗುಂಪಿನವರು ಕೂಗುತ್ತಲೇ ಇದ್ದರು, ಗಾಡಿ ಹೋಯಿತು.

ಅವನು ಸೀದಾ ಮೆಟ್ಟಿಲ ಪಕ್ಕದ ಒಂದು ಕಂಬದ ಹತ್ತಿರ ಹೋಗಿ ನಿಂತ. ಅಲ್ಲಿಂದ ನನ್ನ ಬೆಂಚು ನೇರಕ್ಕೆ ಕಾಣುತ್ತದೆ.

"ಅವತ್ತ ಇಲ್ಲೇ ನಿಂತಿದ್ದೆ" ಅಂದ. "ನಿನ್ನ ಕರಕೊಂಡು ಮನೀಗೆ ಹೋಗೂಣು ಅಂತ ಇಳದಿದ್ದೆ. ಸಾಕು ಯವ್ವಾ ಈ ಸೋಂಗು, ಅನ್ನಾಂವ ಇದ್ದೆ. ನೋಡಿದ್ರ ನೀ ತಲಿ ಬಗ್ಗಿಸಿ ಪೆನ್ಸಿಲ್ ಕೆತ್ತಾಕತ್ತಿದ್ದಿ. ಆಮ್ಯಾಲ ಬರಿಯಾಕ ಹತ್ತಿದಿ. ನಿನ್ನ ಮುಂದ ಮೂರು ಗಾಡಿ ಹ್ವಾದ್ವು, ಒಂದಕ್ಕೂ ನೀ ತಲಿ ಎತ್ತಲಿಲ್ಲ. ನಮ್ಮ ಆಫೀಸಿನ್ಯಾಗ ಹಂಗ ಕೆಲಸಾ ಮಾಡಾವ್ರನ್ನ ನಾ ಒಬ್ಬರನ್ನೂ ನೋಡಿಲ್ಲ. ಕೆಲಸದಾಗ ಇದ್ದಾಕಿನ್ನ ಎಬ್ಬಸಬಾರದು ಅಂತ ಸುಮ್ಮ ಹ್ವಾದೆ."

ಮೂರು ತಿಂಗಳ ಪಾಸು, ಇವತ್ತಿನ ಕೆಲಸ ಆತೇನು ಅನ್ನುವ ಮಾತು, ಎಲ್ಲವೂ ಒಮ್ಮೆಲೇ ನನ್ನ ಮೇಲೆ ಬಂದು ಬಿದ್ದವು. ಅವನು ಒಂದು ದಿನವೂ ಚುಚ್ಚಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಅಷ್ಟು ಜನರ ನಡುವೆ ನಾನು ಅತ್ತುಬಿಟ್ಟೆ. ಆ ಕಡೇ ಸಾಲು ಸಿಟ್ಟಿನಲ್ಲಿ ಬರೆದದ್ದು, ಅದು ಖರೆ ಅಲ್ಲ ಅಂದೆ.

"ಅವತ್ತ ಖರೇನ ಇತ್ತು" ಅಂದ ಅಪ್ಪ. "ಬಾ, ಕುಂಡ್ರು."

ಬೆಂಚಿನ ಮೇಲೆ ಇಬ್ಬರೂ ಕೂತೆವು. ಡಬ್ಬಿಯ ದಾರ ಬಿಚ್ಚಿ ಒಂದು ಪೇಡೆ ನನಗೆ ಕೊಟ್ಟು, ಒಂದು ತಾನು ಬಾಯಿಗೆ ಹಾಕಿಕೊಂಡ. ಇದನ್ನು ಯಾವ ಮನೆಗೂ ಹಂಚುವುದಿಲ್ಲ ಅಂದ. ಆಫೀಸಿಗೆ ಹೊತ್ತಾಗುತ್ತದೆ, ಕೊನೆಯ ದಿನ, ಅಲ್ಲಿಯೂ ಕಾಯುತ್ತಿರುತ್ತಾರೆ ಅಂತ ನಾನು ನೆನಪಿಸಿದೆ. ಮುಂದಿನ ಫಾಸ್ಟ್ ಗಾಡಿ ಬಂದು ನಿಂತಿತು, ಅವನು ಅದರ ಕಡೆ ನೋಡಲಿಲ್ಲ, ಎದುರಿನ ಸ್ಟಾಲಿನವನಿಗೆ ಎರಡು ಚಹಾ ಹೇಳಿದ. ಅಪ್ಪನ ಮೂವತ್ತೊಂದು ವರ್ಷದ ನೌಕರಿಯ ಎರಡನೇ ಲೇಟ್ ಮಾರ್ಕ್ ಅವತ್ತು ಬಿತ್ತು.